ಕುಂಕುಮ ಇಟ್ಟ ಫ್ಲಾಪಿ

ಈ ಸಲದ ಆಯುಧಪೂಜೆಗೆ ನಮ್ಮ ಕಚೇರಿಯ ಹುಡುಗಿಯೊಬ್ಬಳು ನೀರಲ್ಲಿ ಕಲಸಿದ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಹತ್ತಿರ ಬಂದಳು. ಹಸಿ ಅರಿಶಿನದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿಯಿಂದ ಎದ್ದು ಅವಳ ಕೈ ಹಿಡಿದುಬಿಟ್ಟೆ. ಪಾಪ, ಹೆದರಿದಳು. ಆ ವಾಸನೆಯ ಜೊತೆಗೇ ಕೃಷ್ಣರಾಜಪೇಟೆಯ ಆ ಮಹಡಿ ಕೋಣೆ, ಕರಕರ ಅನ್ನುವ ಯಂತ್ರ, ಅದರ ಪಕ್ಕ ಬೆವರುತ್ತ ನಿಂತಿದ್ದ ನಮ್ಮ ಕಂಪ್ಯೂಟರ್ ಮೇಡಂ...

ತೊಂಬತ್ತರ ದಶಕದ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲೆ ಮೇಡಂ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ಪಾಲಹಳ್ಳಿಯ ಒಕ್ಕಲು ಮನೆಯ ಹೆಣ್ಣುಮಗಳು, ಅಣ್ಣಂದಿರು ಬೇಡವೆಂದರೂ ಹಟ ಮಾಡಿ ಬಂದವರು. ನಾನು ಬಿಂಡಿಗನವಿಲೆಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಸರ್ಟಿಫಿಕೇಟು ಕೊಡುವ ಸಂಸ್ಥೆ ಮೈಸೂರಿನದು. ದಸರಾ ಮುಗಿದ ಮರುದಿನ ಪರೀಕ್ಷಕರು ಬರುತ್ತಾರೆ, ಮಕ್ಕಳ ಕೆಲಸ ಸರಿ ಕಾಣದಿದ್ದರೆ ಸೆಂಟರಿನ ಬೋರ್ಡು ಇಳಿಸುತ್ತೇವೆ ಎಂದು ಅವರು ಹೇಳಿಕಳಿಸಿದ್ದರು. ಬೋರ್ಡು ಇಳಿದರೆ ಮೇಡಂ ತೆಪ್ಪಗೆ ಅಣ್ಣಂದಿರ ಮನೆಗೆ ಹೋಗಿ ಕೂರಬೇಕಿತ್ತು. ಆ ತಿಂಗಳೆಲ್ಲ ಅವರು ಸರಿಯಾಗಿ ಉಂಡದ್ದನ್ನು ನಾನು ಕಾಣೆ.

ನನ್ನ ಪಾಲಿಗೆ ಬಂದದ್ದು ಪ್ಯಾಲಿಂಡ್ರೋಮ್ ಸಂಖ್ಯೆ ಪತ್ತೆಹಚ್ಚುವ ಪ್ರೋಗ್ರಾಮು. 12321ರ ಹಾಗೆ ಯಾವ ಕಡೆಯಿಂದ ಓದಿದರೂ ಒಂದೇ ಆಗುವ ಸಂಖ್ಯೆ ಕೊಟ್ಟರೆ ಪರದೆಯ ಮೇಲೆ ‘ಯೆಸ್’ ಬರಬೇಕು, ಇಲ್ಲದಿದ್ದರೆ ‘ನೋ’. ಪ್ರೋಗ್ರಾಮು ಬೇಗ ಮುಗಿಯಿತು. ಅದರ ವಿವರಣೆ ಬರೆಯುವುದರಲ್ಲಿ ಮಾತ್ರ ನಾನು ಹೈರಾಣಾಗಿಹೋದೆ. ಅದಕ್ಕೆ ಡಾಕ್ಯುಮೆಂಟೇಶನ್ ಅನ್ನುತ್ತಿದ್ದರು. ‘ಸಂಖ್ಯೆಯನ್ನು ತಿರುಗಿಸಿ ಹೋಲಿಸುತ್ತದೆ’ ಎಂದು ಬರೆದು ಕೊಟ್ಟರೆ ಮೇಡಂ ಹಾಳೆಯನ್ನು ನನ್ನ ಮುಂದಕ್ಕೇ ತಳ್ಳಿದರು.

“ಎಂಗೆ ತಿರುಗಿಸ್ತದೆ ಅಂತ ಬರಿ ಕಣವ್ವ. ಕೊನೇಲಿ ಸೊನ್ನೆ ಬಂದ್ಬುಟ್ರೆ ಏನಾಯ್ತದೆ? ನಿನ್ ಮೊಕಾನೇ ಕಾಣದೋರು ಓದಿ ಮತ್ತೆ ಕಟ್ಟಂಗಿರ್ಬೇಕು.”

ಒಳಗೊಳಗೇ ಬೈದುಕೊಂಡು ಬರೆದೆ. ಒಂದು ಸಾಲನ್ನಂತೂ ಅವರೇ ಪಕ್ಕದಲ್ಲಿ ಕೂತು ಬರೆಸಿದರು. ಕೊನೆಯ ಅಂಕೆಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಮೂಲ ಸಂಖ್ಯೆ ಕರಗಿ ಸೊನ್ನೆಯಾಗಿಬಿಡುತ್ತದೆ, ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲೇ ಅದನ್ನು ಬೇರೆ ಕಡೆ ಎತ್ತಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಹೇಳಿಕೊಟ್ಟವರು ಆಯುಧಪೂಜೆಯ ದಿನ ಮಾಡಿದ್ದೇನು? ಯಂತ್ರಗಳಿಗೆ ಹೂ ಮುಡಿಸಿ, ಬೂದುಗುಂಬಳ ಒಡೆದು, ನಮ್ಮೆಲ್ಲರ ಪ್ರೋಗ್ರಾಮುಗಳಿದ್ದ ಫ್ಲಾಪಿಗಳನ್ನು ಕವರಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. “ಇವೂ ನಮ್ಮ ಆಯುಧವೇ ಅಲ್ವೇನ್ರೇ?” ಎನ್ನುತ್ತ ಒಂದೊಂದಕ್ಕೂ ನೀರಲ್ಲಿ ಕಲಸಿದ ಅರಿಶಿನ ಕುಂಕುಮ ಧಾರಾಳವಾಗಿ ಇಟ್ಟರು. ಆ ಕಾಲದ ಅಗಲ ಫ್ಲಾಪಿಯಲ್ಲಿ ಒಳಗಿನ ಕಂದು ಹಾಳೆ ಒಂದು ಸಂದಿಯಲ್ಲಿ ಬಯಲಾಗೇ ಇರುತ್ತಿತ್ತು. ನಾವೆಲ್ಲ ಕೈ ಮುಗಿದು ನಿಂತಿದ್ದೆವು. ನೀರು ಸಂದಿಯೊಳಗೆ ಇಳಿದದ್ದನ್ನು ಯಾರೂ ನೋಡಲಿಲ್ಲ.

ಪರೀಕ್ಷಕರು ಬಂದ ದಿನ ಒಂದು ಫ್ಲಾಪಿಯೂ ಓದಲಿಲ್ಲ. ಹಾಕಿದ್ದೆಲ್ಲ ಕರಕರ ಅಂದು ಸುಮ್ಮನಾಯಿತು. ಇನ್ನೊಂದು ಪ್ರತಿ ಯಾರ ಹತ್ತಿರವೂ ಇರಲಿಲ್ಲ. ಪುಣ್ಯಕ್ಕೆ ಯಂತ್ರ ಶುರು ಮಾಡುವ ಫ್ಲಾಪಿ ಮಾತ್ರ ಬೀರುವಿನಲ್ಲಿ ಉಳಿದುಕೊಂಡಿತ್ತು.

“ನೋಡಮ್ಮ, ಫ್ಲಾಪಿ ಓದಲ್ಲ ಅಂದ್ರೆ ನನ್ನ ಪಾಲಿಗೆ ಕೆಲಸವೇ ಆಗಿಲ್ಲ,” ಎಂದು ಪರೀಕ್ಷಕರು ಪೆನ್ನು ತೆಗೆದರು.

ಮೇಡಂ ಮುಖ ಬಿಳುಚಿಕೊಂಡಿತ್ತು, ದನಿ ಮಾತ್ರ ನಡುಗಲಿಲ್ಲ. “ಹಾಳೇಲಿ ಬರ್ದಿರೋದು ಐತೆ ಸಾರ್. ನೀವೇ ಯಾವ್ದಾರ ಒಂದು ಎತ್ಕೊಳಿ. ಬರ್ದೋಳು ಮುಟ್ಟಾಕಿಲ್ಲ, ಬ್ಯಾರೆಯೋಳು ಓದ್ಕೊಂಡು ಟೈಪ್ ಮಾಡ್ತಾಳೆ. ನಡೀದಿದ್ರೆ ಬೋರ್ಡು ನಾನೇ ಇಳಿಸ್ಕೊಡ್ತೀನಿ.”

ಪರೀಕ್ಷಕರು ಎತ್ತಿಕೊಂಡದ್ದು ನನ್ನದನ್ನೇ! ನಾನು ಗೋಡೆಯ ಹತ್ತಿರ ಸರಿದು ನಿಂತೆ. ನಾಗಮಂಗಲದ ಗೆಳತಿಯೊಬ್ಬಳು ಕೀಲಿಗಳ ಮುಂದೆ ಕೂತಳು. ಅವಳಿಗೆ ನನ್ನ ಪ್ರೋಗ್ರಾಮಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಕರೆಂಟು ಹೋಗುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು. ಹೋದರೆ ಟೈಪ್ ಮಾಡಿದ್ದೆಲ್ಲ ಹೋದಂತೆ. ಅವಳು ಮುಗಿಸಿ 12321 ಕೊಟ್ಟಳು.

‘ನೋ’ ಎಂದು ಬಂತು.

ನನಗೆ ತಕ್ಷಣ ಗೊತ್ತಾಯಿತು. ಎತ್ತಿಟ್ಟುಕೊಳ್ಳುವ ಸಾಲನ್ನೇ ಅವಳು ಹಾರಿಸಿದ್ದಳು. ಮೇಡಂಗೂ ಗೊತ್ತಾಗಿತ್ತು. ಇಬ್ಬರೂ ಬಾಯಿ ಬಿಡುವ ಹಾಗಿರಲಿಲ್ಲ. ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು... ಗೆಳತಿ ಹಾಳೆಯನ್ನು ಮೊದಲಿನಿಂದ ಮತ್ತೆ ಓದತೊಡಗಿದಳು. ಓದುತ್ತ ಓದುತ್ತ “ಅಯ್ಯೋ” ಅಂದಳು. ಬಿಟ್ಟ ಸಾಲು ಸೇರಿಸಿದಳು.

‘ಯೆಸ್’ ಬಂತು. ಪರೀಕ್ಷಕರು 120 ಕೊಟ್ಟು ನೋಡಿದರು, ‘ನೋ’ ಸರಿಯಾಗಿಯೇ ಬಂತು. ಆಮೇಲೆ ಕರೆಂಟು ಹೋಯಿತು.

“ಇಷ್ಟು ಸಾಕು, ಮಕ್ಕಳೆಲ್ಲ ಪಾಸು,” ಅಂದರು ಅವರು. “ಆದರೆ ಫ್ಲಾಪಿಗೆ ಅರಿಶಿನ ಹಚ್ಚೋ ಸೆಂಟರ್ ಬಗ್ಗೆ ವರದೀಲಿ ಬರೀದೆ ಇರೋಕಾಗಲ್ಲ.”

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಸಂಕ್ರಾಂತಿಯ ಹೊತ್ತಿಗೆ ಬೋರ್ಡು ಇಳಿಯಿತು. ಸರ್ಟಿಫಿಕೇಟು ತರಲು ಹೋದ ದಿನ ಮೇಡಂ ಖಾಲಿ ಕೋಣೆ ಗುಡಿಸುತ್ತಿದ್ದರು. ನಾನು ಅತ್ತುಬಿಟ್ಟೆ. “ನಿಮ್ದು ದಡ ಸೇರ್ತಲ್ಲ, ಬುಡು,” ಅಂದರು. ಆಮೇಲೆ ಒಂದೇ ಸಲ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ, ಹೊರಟ ಬಸ್ಸಿನ ಕಿಟಕಿಯಲ್ಲಿ ಅವರ ಮುಖ ಕಂಡಿತ್ತು. ಕೈ ಬೀಸಿದರು, ಏನೋ ಅಂದರು, ಕೇಳಿಸಲಿಲ್ಲ... ಅವರು ತೀರಿಕೊಂಡದ್ದು ಪಾಲಹಳ್ಳಿಯ ಕಡೆಯವರೊಬ್ಬರ ಬಾಯಿಂದ ಗೊತ್ತಾಯಿತು, ಅದೂ ವರ್ಷ ಕಳೆದ ಮೇಲೆ.

ಕಚೇರಿಯ ಹುಡುಗಿ ಇನ್ನೂ ಬಟ್ಟಲು ಹಿಡಿದೇ ನಿಂತಿದ್ದಳು. ಕುಂಕುಮವನ್ನು ಮೇಜಿನ ಕಾಲಿಗೆ ಇಡಲು ಹೇಳಿದೆ. “ಯಾಕೆ ಮೇಡಂ?” ಅಂದಳು. ಬಟ್ಟಲಲ್ಲಿ ಬೆರಳು ಅದ್ದಿ ಮೊದಲ ಬೊಟ್ಟನ್ನು ನಾನೇ ಇಟ್ಟೆ.

ಆ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ. ಅವನ್ನು ಓದಿ ಯಾರು ಬೇಕಾದರೂ ಆ ಪ್ರೋಗ್ರಾಮನ್ನು ಮತ್ತೆ ಕಟ್ಟಬಹುದು. ಮೇಡಂ ಅವರದು ಒಂದು ಫೋಟೋವನ್ನೂ ನಾನು ಎತ್ತಿಟ್ಟುಕೊಳ್ಳಲಿಲ್ಲ.