ಮೇಯರ್ ಸಾಹೇಬರ ಗದ್ದುಗೆ

ಸಾಹೇಬರು ಆ ಕಲ್ಲಿನ ಮೇಲೆ ಬೂಟುಗಾಲಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ. ಹಾಗೆಂದು ಚಿಕ್ಕಂದಿನಲ್ಲಿ ಒಮ್ಮೆ ಹೇಳಿ ಅವ್ವನ ಕೈಯಲ್ಲಿ ಏಟು ತಿಂದೆ. ವಿಶ್ವವಿದ್ಯಾಲಯಕ್ಕೆ ಹೋಗಿ ಬಂದ ಮೇಲೆ ನಾನೇ ಆ ನೆನಪನ್ನು ತಳ್ಳಿಹಾಕಿದೆ. ತನ್ನ ಗೋರಿಯ ಮೇಲೆ ತಾನೇ ಯಾರು ನಿಲ್ಲುತ್ತಾರೆ?

ಅವರು ಬ್ರಿಟಿಷ್ ಪಲ್ಟನ್ನಿನ ಸರ್ಜನ್. ನಿವೃತ್ತರಾದ ಮೇಲೆ ತಮ್ಮ ದೇಶಕ್ಕೆ ಮರಳದೆ ಸಿಕಂದರಾಬಾದಿನ ಹೊರಗಿನ ಸಣ್ಣ ಪಟ್ಟಣವೊಂದರಲ್ಲಿ ಬಂಗಲೆ ಕಟ್ಟಿಸಿದರು, ಕಡೆಗೆ ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿ ಜನರ ಬಾಯಲ್ಲಿ ಮೇಯರೂ ಆದರು. ಬೀದಿಗೆ ನಲ್ಲಿ ತಂದವರು ಅವರೇ ಎಂದು ಊರವರು ಹೇಳುತ್ತಿದ್ದರು. ಗಾಡಿಯ ಚಕ್ರಕ್ಕೆ ಸಿಕ್ಕ ಅಪ್ಪನ ಕಾಲನ್ನು ಕತ್ತರಿಸದೆ ಉಳಿಸಿಕೊಟ್ಟವರು. ಪಟ್ಟಿ ಬದಲಿಸಿಕೊಳ್ಳಲು ಹೋಗುವಾಗ ಅಪ್ಪ ನನ್ನನ್ನೂ ಕರೆದೊಯ್ಯುತ್ತಿದ್ದ. ಅವ್ವ ಮಾತ್ರ ಸಾಹೇಬರಿರುವ ತನಕ ಆ ಕಾಂಪೌಂಡಿಗೆ ಕಾಲಿಟ್ಟವಳಲ್ಲ.

ಅವರು ತೀರಿಕೊಂಡಾಗ ನಾವು ಕಲಬುರ್ಗಿಗೆ ಹೋಗಿದ್ದೆವು. ಆಮೇಲೆ ಅಲ್ಲೇ ಅಪ್ಪನೂ ತೀರಿಕೊಂಡ. ಅವ್ವ ನನ್ನನ್ನು ಕಟ್ಟಿಕೊಂಡು ಮರಳಿ ಬಂದಾಗ ಬಂಗಲೆಗೆ ಬೀಗ ಬಿದ್ದಿತ್ತು, ಗೇಟು ತೆರೆದಿತ್ತು. ಅಂಗಳದ ಬೇವಿನ ಕೆಳಗೆ ಎರಡು ಮೆಟ್ಟಿಲಿನ ಒಂದು ಕಲ್ಲು. ನಮ್ಮಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಹೂಳಿ ಮೇಲೆ ಗದ್ದುಗೆ ಕಟ್ಟುತ್ತಾರೆ. ಅವ್ವ ಬೇರೇನೂ ಯೋಚಿಸದೆ ಚಪ್ಪಲಿ ಬಿಟ್ಟು ಕೈಮುಗಿದಳು. ಅಂದಿನಿಂದ ವರ್ಷಕ್ಕೊಮ್ಮೆ ಆ ಕಲ್ಲಿಗೆ ವಿಭೂತಿ, ಊದಿನಕಡ್ಡಿ, ಹೋಳಿಗೆ.

ಸಾಫ್ಟ್‌ವೇರ್ ಕಂಪನಿಗಳು ಬಂದು ಎಲ್ಲೆಂದರಲ್ಲಿ ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಆ ಬಂಗಲೆಯೂ ಮಾರಾಟವಾಯಿತು. ಅವ್ವ ಊಟ ಬಿಟ್ಟಳು. "ಸಾಹೇಬರ ಎದಿ ಮ್ಯಾಲೆ ಕಂಪ್ಯೂಟರ್ ಇಟ್ಟು ಕೂಡತಾರೇನೋ?" ದಿನವೂ ಇದೇ ಪ್ರಶ್ನೆ. ಎಲುಬು ಸಿಕ್ಕರೆ ಕೇಳಿ ಪಡೆದು ಬೇರೆ ಕಡೆ ಮಣ್ಣು ಮಾಡಿಸೋಣವೆಂದು ಅವಳನ್ನು ಆಟೋದಲ್ಲಿ ಕರೆದೊಯ್ದೆ. ಅವಳ ತೊಡೆಯ ಮೇಲೆ ಹೋಳಿಗೆಯ ಡಬ್ಬಿ.

ನಾವು ಮುಟ್ಟುವಷ್ಟರಲ್ಲಿ ಕಲ್ಲನ್ನು ಕಿತ್ತು ಗೇಟಿನ ಪಕ್ಕ ಹಾಕಿದ್ದರು. ಅದಿದ್ದ ಜಾಗದಲ್ಲಿ ಆಳುದ್ದದ ಗುಂಡಿ. ಅಗೆಯುತ್ತಿದ್ದವರು ರಾಯಚೂರು ಕಡೆಯವರು.

"ತಮ್ಮಾ, ಕೆಳಗ ಯಾರರ ಸಿಕ್ಕರೇನಪಾ?" ಅವ್ವ ಗುಂಡಿಯ ಅಂಚಿಗೆ ಹೋಗಿ ಕೇಳಿದಳು.

"ಯಾರದಾರಬೇ ಯಮ್ಮಾ? ಬರೇ ಮೊರಂ ಮಣ್ಣು ಐತಿ. ಗುದ್ಲಿ ಎಂದೂ ತಾಕಿದ ಜಾಗನ ಅಲ್ಲ ಇದು."

ಅವ್ವ ಕಲ್ಲಿನ ಬಳಿ ಹೋಗಿ ಬಗ್ಗಿದಳು. ಇಷ್ಟು ವರ್ಷ ಮಣ್ಣಿನಲ್ಲಿ ಮುಚ್ಚಿಹೋಗಿದ್ದ ಬದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಳೆಯೊಂದಿತ್ತು.

"ನಮ್ಮೂರ ಗೌಡರ ವಾಡೆದ ಮುಂದ ಇಂಥಾದ ಇತ್ತು," ಎಂದಳು. "ಕುದುರಿ ಕಟ್ಟೂ ಬಳಿ. ಅಯ್ಯ, ಇದು ಕುದುರಿ ಹತ್ತೂ ಕಲ್ಲೋ!"

ಗುಂಡಿಯೊಳಗಿನವನು ನಕ್ಕ. "ಅಂದ್ರ ಇಷ್ಟ ವರ್ಷ ಕುದುರಿಗೆ ಹೋಳಿಗಿ ಉಣಿಸೀರಿ!"

"ಉಣ್ಣಲಿ ಬಿಡೋ. ಅದೂ ಸಾಹೇಬರನ್ನ ಹೊತ್ತು ತಿರುಗೇತಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಹೋಳಿಗೆಯನ್ನು ಅವರಿಗೆಲ್ಲ ಹಂಚಿದಳು, ಅಲ್ಲೇ ಆ ಕಲ್ಲಿನ ಮೇಲೆ ಕುಳಿತು ತಾನೂ ಒಂದು ತಿಂದಳು. ಸಾಹೇಬರು ಬಹುಶಃ ಯಾವುದೋ ಇಗರ್ಜಿಯ ಹಿಂದೆ, ತಮ್ಮವರ ನಡುವೆ, ಯಾವ ಅಡಿಪಾಯಕ್ಕೂ ಸಿಗದಂತೆ ಮಲಗಿರಬೇಕು. ಅಷ್ಟು ತಿಳಿದದ್ದೇ ಅವಳಿಗೆ ಸಾಕಾಗಿತ್ತು.

"ಅವ್ವಾ, ಅವರು ಇದರ ಮ್ಯಾಲೆ ಬೂಟು ಹಾಕ್ಕೊಂಡು ನಿಂತಿದ್ರು ಅಂತ ನಾ ಹೇಳಿದ್ದೆ."

"ಹೌದೋ! ನೋಡಿರಬೇಕು ತಗೋ," ಎಂದಳು. "ಕುದುರಿ ಯಾವ ಬಣ್ಣದ್ದಿತ್ತು?"

"ಕಂದು," ಎಂದೆ. ಆಟೋ ಹತ್ತುವಷ್ಟರಲ್ಲಿ ಅದರ ಬಗ್ಗೆಯೂ ಅನುಮಾನ ಶುರುವಾಗಿತ್ತು. ಈ ಸಲ ಬಾಯಿ ಬಿಡಲಿಲ್ಲ.