ಕಡಲೆ ಹೊಲದ ಇಬ್ಬನಿ

ಸವದತ್ತಿ ಕಡೆಯ ನಮ್ಮ ಹೊಲದಲ್ಲಿ ಕಡಲೆ ಗಿಡ ಕಾಯಿ ಕಟ್ಟುವ ಹೊತ್ತಿಗೆ ಅವ್ವನದು ಒಂದೇ ಕಟ್ಟಪ್ಪಣೆ: ಎಣ್ಣೆ ಹೊಡೆಯಬಾರದು. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ನಸುಕಿನಲ್ಲಿ ಅವಳು ಬಿಳಿ ಧೋತರವನ್ನು ಗಿಡಗಳ ಮೇಲೆ ಎಳೆದು, ಎಲೆಯ ಹುಳಿ ಕೂಡಿದ ಇಬ್ಬನಿಯನ್ನು ಪಾತ್ರೆಗೆ ಹಿಂಡುವಳು. ಆ ಕಡ್ಲಿ ಹುಳಿ ವರ್ಷವಿಡೀ ನಮಗೆಲ್ಲ ಹೊಟ್ಟೆನೋವಿಗೆ ಔಷಧಿ.

ಆ ವರ್ಷ ಕಾಯಿಕೊರಕ ಹುಳು ಬಿದ್ದಿತು. ತಲೆಯನ್ನು ಕಾಯೊಳಗೆ ತೂರಿಸಿ, ಮೈ ಹೊರಗೆ ಬಿಟ್ಟು ತಿನ್ನುವ ಹಸಿರು ಹುಳು. ಅವ್ವನ ಮಾತೂ ಉಳಿಯಲಿ, ಬೆಳೆಯೂ ಉಳಿಯಲಿ ಎಂದು ನಾನು ಬೈಲಹೊಂಗಲದಿಂದ ನೆಮಟೋಡ್ ಪುಡಿ ತಂದೆ. ಕಣ್ಣಿಗೆ ಕಾಣದ ಜಂತುಗಳು. ನೀರಲ್ಲಿ ಕಲಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ಹುಳುವಿನ ಮೈಯೊಳಗೆ ಹೊಕ್ಕು ಒಳಗಿನಿಂದಲೇ ಅದನ್ನು ಮುಗಿಸುತ್ತವೆ. ಮನುಷ್ಯರಿಗೆ, ದನಕ್ಕೆ ಏನೂ ಆಗದು.

"ಹುಳಕ್ಕ ಹುಳ ಬಿಡತೀ?" ಎಂದು ಅಣ್ಣ ನಕ್ಕ. "ನಾಳೆ ಕಳ್ಳ ಬಂದ್ರ ಮತ್ತೊಬ್ಬ ಕಳ್ಳನ್ನ ಕರಕೊಂಡ ಬರತಿಯೇನು?"

"ಮೂರ್ನಾಕ ದಿನ ತಡಿ," ಅಂದೆ.

ಮರುದಿನವೂ ಹುಳುಗಳು ತಿನ್ನುತ್ತಲೇ ಇದ್ದವು. ಅಣ್ಣ ಏನೂ ಅನ್ನಲಿಲ್ಲ. ಅವನು ಸಿಟ್ಟಾದರೆ ನನಗೆ ಹೆದರಿಕೆಯಿಲ್ಲ, ಸುಮ್ಮನಾದರೆ ಹೆದರಿಕೆ. ಆದರೂ ರಾಮದುರ್ಗದಲ್ಲೊಂದು ಮದುವೆಯಿತ್ತು, ಹೋದೆ. ಅವ್ವ ಕಿತ್ತೂರಿನಲ್ಲಿ ನಮ್ಮ ತಂಗಿಯ ಮನೆಯಲ್ಲಿದ್ದಳು; ಹುಳ ಬಿಟ್ಟದ್ದನ್ನು ಅವಳಿಗೆ ಫೋನಿನಲ್ಲಿ ಹೇಳಿದ್ದೆ.

ಮದುವೆ ಮುಗಿಸಿ, ಮೊದಲ ಬಸ್ಸಿಗೆ ಬಂದವನೇ ನೆಟ್ಟಗೆ ಹೊಲಕ್ಕೆ ನಡೆದೆ. ಹುಳುಗಳು ಸತ್ತಿದ್ದವು. ಕೆಲವು ಕಂದಾಗಿ, ಮೆತ್ತಗಾಗಿ ಜೋತುಬಿದ್ದಿದ್ದವು. ಅವನ್ನು ನನ್ನ ಜಂತುಗಳೇ ಕೊಂದಿದ್ದವು, ಖುಷಿಯಾಯಿತು. ಆಮೇಲೆ ಬದುವಿನಲ್ಲಿ ಇರುವೆಗಳು ಕಂಡವು. ಸಾಲಿಗೆ ಸಾಲೇ ಸತ್ತಿತ್ತು. ಜೇಡ ಸತ್ತಿತ್ತು. ಜಂತು ಹೀಗೆ ಕೊಲ್ಲುವುದಿಲ್ಲ. ಮೂಗಿಗೆ ಕಮಟು ವಾಸನೆ ಬಡಿಯಿತು.

ಅಷ್ಟರಲ್ಲಿ ಅಣ್ಣ ಬಂದ. "ನಿನ್ನ ಹುಳದ ದಾರಿ ಕಾಯ್ಕೋತ ಕುಂತಿದ್ರ ಬರೇ ಸಿಪ್ಪಿ ಉಳೀತಿತ್ತು. ನಿನ್ನಿ ಸಂಜಿಗೆ ಎಣ್ಣಿ ಹೊಡದೇನಿ. ಅವ್ವ ಬರೂದು ಮುಂದಿನ ವಾರ."

ಅವನ ಮಾತು ಮುಗಿಯುವ ಮೊದಲೇ ಹೊಲದ ಆ ತುದಿಯಲ್ಲಿ ಬಿಳಿ ಧೋತರ ಕಂಡಿತು. ನಸುಕಿನಲ್ಲೇ ತಂಗಿಯ ಗಂಡ ಅವ್ವನನ್ನು ಬೈಕಿನಲ್ಲಿ ಕರೆತಂದು ಹೊಲಕ್ಕೆ ಬಿಟ್ಟುಹೋಗಿದ್ದ. ಇಬ್ಬರೂ ಓಡಿದೆವು. ಅವಳು ಹಿಂಡಿ ಮುಗಿಸಿ, ಯಾವಾಗಿನಂತೆ ಬೆರಳದ್ದಿ ಮತ್ತೆ ಮತ್ತೆ ನೆಕ್ಕಿ ನೋಡುತ್ತಿದ್ದಳು.

"ನಿನ್ನ ಹುಳ ಚಲೋ ಕೆಲಸ ಮಾಡ್ಯಾವ ನೋಡೊ," ಎಂದಳು ನನಗೆ. "ಹುಳಿನೂ ಈ ಸಲ ಭಾಳ ಜೋರ ಐತಿ. ನಾಲಿಗಿ ಜುಮುಜುಮು ಅನ್ನಾಕ ಹತ್ತೈತಿ."

ಅಣ್ಣ ಅವಳ ಕೈ ಹಿಡಿದು ತಡೆದ. ಅವನು ಎಣ್ಣೆ ಹೊಡೆದದ್ದನ್ನು ನಾನೇ ಹೇಳಿದೆ. ಅವ್ವ ಪಾತ್ರೆ ಕೆಳಗಿಟ್ಟು ಅವನನ್ನೇ ನೋಡಿದಳು.

"ಹೊಟ್ಟಿ ನೋಯಾಕ ಹತ್ತೈತಿ ಅಂತ ಮೊನ್ನಿ ಫೋನಿನ್ಯಾಗ ನೀನ ಅಂದಿದ್ದಿ. ನಿನ್ನ ಸಲುವಾಗಿ ಬಂದ್ನೆಪಾ."

ಬೈಲಹೊಂಗಲದ ದವಾಖಾನೆಯ ತನಕ ಅಣ್ಣ ಬೈಕ್ ಓಡಿಸಿದ. ನಾನು ಅವ್ವನನ್ನು ನಡುವೆ ಹಿಡಿದು ಕುಳಿತಿದ್ದೆ. ದಾರಿಯುದ್ದಕ್ಕೂ ವಾಂತಿ. ಬದುಕಿ ಬಂದಳು, ನಮ್ಮ ಪುಣ್ಯ. ಈಗಲೂ ಅಣ್ಣ ಒಮ್ಮೊಮ್ಮೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತಾನೆ. ಏನಾಯಿತೆಂದು ಅವ್ವ ಕೇಳಿದರೆ, ಏನಿಲ್ಲ ಅನ್ನುತ್ತಾನೆ.