ಗೋಡೆಯ ಮೇಲೆ ಸರ್ ಕೈ

ನಮ್ಮ ವಿಜ್ಞಾನದ ಸರ್ ಉಸಿರಾಡಿದರೆ ಮೂಗಿನ ಹೊಳ್ಳೆ ಅಲುಗುತ್ತಿರಲಿಲ್ಲ. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಉಬ್ಬಿ ಇಳಿಯುತ್ತಿತ್ತು. ಸೊಲ್ಲಾಪುರದ ದವಾಖಾನೆಯಲ್ಲಿ ಗಂಟಲಿನ ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಬಟ್ಟೆಯ ಹಿಂದೆ ಒಂದು ತೂತು. ಉಸಿರೆಲ್ಲ ಅದರ ಮೂಲಕವೇ.

ಆ ಧ್ವನಿ ಹೋಯಿತೆಂದರೆ ನನ್ನ ಅರ್ಧ ದಂಧೆಯೇ ಹೋದಂತೆ. ಮರಾಠಿ ಸೀಮೆಗೆ ಸೇರಿದ ನಮ್ಮ ಕರಜಗಿಯ ಕನ್ನಡ ಶಾಲೆಯಲ್ಲಿ ಓದುವಾಗ ನಾನು ಎಲ್ಲರ ನಕಲು ಮಾಡುತ್ತಿದ್ದೆ: ಹೆಡ್‌ಮಾಸ್ತರರ ಕೆಮ್ಮು, ಎಸ್‌ಟಿ ಬಸ್ಸಿನ ಕಂಡಕ್ಟರನ ಮರಾಠಿ, ರಿಸಲ್ಟ್ ನೋಡಿದಾಗಿನ ನನ್ನದೇ ಮುಖ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಸರ್ ಧ್ವನಿ, ಖಾಲಿ ಕೊಡದೊಳಗಿಂದ ಬಂದಂಥದು. ಒಮ್ಮೆ ಸಿಕ್ಕಿಬಿದ್ದೆ. ಸರ್ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. "ಧ್ವನಿ ಬರೋಬರಿ ಐತಿಲೇ. ನಡಿಗಿ ಸುಳ್ಳೈತಿ. ನನ್ನ ಎಡಗಡೆ ಭುಜ ಇಳದಿರತೈತಿ, ನೋಡು" ಎಂದು ವರಾಂಡದಲ್ಲಿ ನಡೆದು ತೋರಿಸಿದರು. ಅಂಥ ಮನುಷ್ಯ.

ಆಪರೇಷನ್ ಆದ ಮೇಲೂ ಸರ್ ಮನೆಯಲ್ಲಿ ಕೂಡಲಿಲ್ಲ. ಕೂತರೆ ಹತ್ತನೆಯ ತರಗತಿಯ ಮಕ್ಕಳು ಪಕ್ಕದ ಕೋಣೆಯ ಮರಾಠಿ ವಿಜ್ಞಾನಕ್ಕೆ ಹೋಗಬೇಕಿತ್ತು. ಕನ್ನಡದಲ್ಲಿ ಕಲಿಸುವ ಬೇರೆಯವರು ಇರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಆದರೆ ಸೀಮೆಸುಣ್ಣದ ಧೂಳು ಆ ತೂತಿಗೆ ಹೋಗಕೂಡದೆಂದು ಡಾಕ್ಟರು ಹೇಳಿದ್ದರು. ಮಾತಿಲ್ಲ, ಹಲಗೆಯೂ ಇಲ್ಲ.

ನನಗೆ ಹೇಳಿ ಕಳಿಸಿದರು. ನಾನು ಸೊಲ್ಲಾಪುರದ ಫೋಟೋ ಅಂಗಡಿಯೊಂದಕ್ಕೆ ಲಗ್ನದ ಶೂಟಿಂಗ್ ಮಾಡುತ್ತಿದ್ದೆ. ಆಗ ಆಷಾಢ; ತುಳಸಿ ಲಗ್ನ ಆಗುವ ತನಕ ಕ್ಯಾಮೆರಾಕ್ಕೂ ನನಗೂ ಕೆಲಸವಿಲ್ಲ. ಶಾಲೆಯಲ್ಲಿ ಯಾರೋ ದಾನ ಕೊಟ್ಟ ಪ್ರೊಜೆಕ್ಟರ್ ಗೋಣಿಚೀಲ ಹೊದ್ದು ಮಲಗಿತ್ತು. ಸರ್ ಚೀಟಿಯಲ್ಲಿ ಬರೆದರು: "ಕ್ಯಾಮೆರಾ ಇದಕ್ಕ ಹಚ್ಚಾಕ ಬರತೈತೇನು?"

"ಸರ, ಎಂಥೆಂಥಾ ವರಗೋಳ್ನ ಚಂದ ಕಾಣಿಸೀನಿ. ಇದೇನ್ ಬಿಡ್ರಿ."

ತರಗತಿಯಲ್ಲಿ ಮಕ್ಕಳ ಎದುರೇ ಕ್ಯಾಮೆರಾದ ಹಳದಿ ವೈರನ್ನು ಪ್ರೊಜೆಕ್ಟರಿನ ಹಳದಿ ತೂತಿಗೆ ಚುಚ್ಚಿದೆ. ಗೋಡೆಯೆಲ್ಲ ನೀಲಿ. ಗುಂಡಿ ಒತ್ತುತ್ತ ಹೋದೆ, ಚಿತ್ರ ಬಂತು. ಲಗ್ನದಲ್ಲಿ ಪಳಗಿದ ಕೈ ನೋಡಿ, ಮುಖ ಕಂಡಲ್ಲಿ ಹತ್ತಿರ ತರುವುದೇ ನಮ್ಮ ರೂಢಿ. ಮುಖ ತಪ್ಪಿದರೆ ಬೀಗರು ಬೈಯುತ್ತಾರೆ. ಗೋಡೆ ತುಂಬ ಸರ್ ಮುಖ ನಿಂತಿತು, ಅದರ ಕೆಳಗೆ ಉಬ್ಬಿ ಇಳಿಯುವ ಬಟ್ಟೆ, ಹಿಟ್ಟು ನಾದುವ ಪರಾತದಷ್ಟು ಅಗಲ. ಮುಂದಿನ ಸಾಲಿನ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡ. ಸರ್ ಕೊರಳಿಗೆ ಕೈ ಅಡ್ಡ ಹಿಡಿದರು. ಗೋಡೆಯ ಮೇಲೂ ಹಿಡಿದರು. ಆಮೇಲೆ ಬರೆದರು: "ಮುಖ ಬ್ಯಾಡ. ಕೈ ತೋರಸು."

ಕ್ಯಾಮೆರಾವನ್ನು ಮೇಜಿನ ಮೇಲೆ ಬಗ್ಗಿಸಿ ಕಟ್ಟಿದೆ. ಸ್ಕೆಚ್ ಪೆನ್ನು ಕಾಗದದ ಮೇಲೆ ಓಡಿದಂತೆ ಬ್ಯಾಟರಿ, ತಂತಿ, ಬಲ್ಬು ಗೋಡೆಯ ಮೇಲೆ ಮೂಡಿದವು, ಪಕ್ಕದಲ್ಲಿ ದುಂಡಗಿನ ಅಕ್ಷರ. ಆದರೆ ನಮ್ಮ ಮಕ್ಕಳು ಕನ್ನಡ ಮಾತಾಡುವಷ್ಟು ಬೇಗ ಓದಲಾರರು. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. ಗದರಿಸಲು ಸರ್ ಬಾಯಿ ತೆರೆದರು. ಬಟ್ಟೆ ಮಾತ್ರ ಸುಂಯ್ ಅಂದಿತು. ನನ್ನ ಬಾಯಿ ತಡೆಯಲಿಲ್ಲ, ಅವರದೇ ಧ್ವನಿಯಲ್ಲಿ ಹೊರಟುಬಿಟ್ಟಿತು: "ಏ ಹಿಂದಿನ ಬಾಕಿನ ಗೌಡ್ರ, ಮನ್ಯಾಗ ಮಾತು ಮುಗಿಸಿ ಬರಾಕ ಆಗ್ಲಿಲ್ಲೇನು?"

ಗುಸುಗುಸು ನಿಂತಿತು. ಗೋಡೆಯ ಮೇಲಿನ ಕೈಯೂ ನಿಂತಿತು. ಸರ್ ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. ಪೆನ್ನು ಬರೆಯಿತು: "ನಡಸು."

ಅಂದಿನಿಂದ ಅವರು ಎರಡು ಶಬ್ದ ಬರೆದರೆ ನಾನು ಅವರ ಧ್ವನಿಯಲ್ಲಿ ವಾಕ್ಯ ಮಾಡುತ್ತಿದ್ದೆ. ವಿಜ್ಞಾನದಲ್ಲಿ ನಾನು ಪಾಸಾದದ್ದೇ ಯಾರದೋ ಕರುಣೆಯಿಂದ; ತಪ್ಪಿದಾಗ ಗೋಡೆಯ ಮೇಲಿನ ಕೈ ನನ್ನತ್ತ ಪೆನ್ನು ಝಳಪಿಸುತ್ತಿತ್ತು. ಮಕ್ಕಳು ನಗುತ್ತಿದ್ದರು, ಸರ್ ಸದ್ದಿಲ್ಲದೆ ಮೈ ಕುಲುಕಿಸಿ ನಗುತ್ತಿದ್ದರು. ಬದುಕಿಯಾರು ಎಂದು ನನಗೆ ಅನ್ನಿಸಿದ್ದು ಆ ನಗುವಿನ ಹೊತ್ತಿನಲ್ಲಿ ಮಾತ್ರ. ಗಂಟು ಮತ್ತೆ ಬಂದಿತ್ತು. ಶ್ರಾವಣದ ಹೊತ್ತಿಗೆ ಗೆರೆಗಳು ಸೊಟ್ಟಾದವು. ಕಾಗದದ ಮೇಲಿನ ಕೂದಲೆಳೆಯಷ್ಟು ನಡುಕ ಗೋಡೆಯ ಮೇಲೆ ಗೇಣುದ್ದ ಕಾಣುತ್ತಿತ್ತು. ಯಾರೂ ನಗಲಿಲ್ಲ. ಕಣ್ಣಿನ ಪಾಠ ಅರ್ಧವಾಗಿದ್ದಾಗ ದವಾಖಾನೆಗೆ ಹೋದರು. ದಸರೆಗೆ ಮುಂಚೆ ತೀರಿಕೊಂಡರು.

ಕ್ಯಾಮೆರಾ ಬಿಚ್ಚಿ ತರಲು ಹೋದೆ. ಅಂಗಡಿಗೆ ಒಪ್ಪಿಸುವ ಮೊದಲು ನಡೆಯುತ್ತದೆಯೇ ಎಂದು ಪ್ರೊಜೆಕ್ಟರನ್ನೂ ಹಚ್ಚಿ ಗುಂಡಿ ಒತ್ತಿ ನೋಡುತ್ತಿದ್ದೆ. ಹೆಡ್‌ಮಾಸ್ತರರು ಮಕ್ಕಳನ್ನು ಮರಾಠಿ ಕೋಣೆಗೆ ಎಬ್ಬಿಸಿ ಕಳಿಸುತ್ತಿದ್ದರು. ಒಬ್ಬ ಹುಡುಗಿ, ಕುರಿ ಸಾಕುವವರ ಮನೆಯವಳು, ಏಳಲಿಲ್ಲ.

"ಅಣ್ಣಾ, ಸರ್ ಧ್ವನಿ ತಗೀರಿ. ಒಂದು ಕೇಳೂದೈತಿ. ಕಣ್ಣಿನ್ಯಾಗ ಚಿತ್ರ ತಲಿಕೆಳಗ ಬೀಳತೈತಿ ಅಂತ ಬರದಿದ್ರು. ಮತ್ತ ನಮಗ ನೆಟ್ಟಗ ಹ್ಯಾಂಗ ಕಾಣತೈತಿ?"

"ಛಲೋ ಕೇಳಿದಿ, ಕೂಸ" ಅಂದೆ. ಅದೇ ಧ್ವನಿ. ಹೊರಟವರು ಬಾಗಿಲಲ್ಲೇ ನಿಂತರು. ಮುಂದಿನ ಮಾತಿಗಾಗಿ, ರೂಢಿಯಂತೆ, ಗೋಡೆಯ ಕಡೆ ತಿರುಗಿದೆ. ಅಲ್ಲಿ ಕ್ಯಾಮೆರಾ ಕಂಡ ಖಾಲಿ ಮೇಜು ಮಾತ್ರ ಇತ್ತು, ಗೋಡೆಯಗಲ.

"ನನಗ ಗೊತ್ತಿಲ್ಲವ್ವಾ" ಅಂದೆ, ನನ್ನ ಧ್ವನಿಯಲ್ಲಿ.

ಅವಳು ಗೋಡೆಯ ಮೇಲಿನ ಮೇಜನ್ನೊಮ್ಮೆ ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು ಎಲ್ಲರ ಹಿಂದೆ ಪಕ್ಕದ ಕೋಣೆಗೆ ಹೋದಳು.